ಪಂಡೋರಾ, ಬಟೂ, ಜುರಾಸಿಕ್: ಮೊದಲು ಯಾವ ಲೋಕಕ್ಕೆ ಹೋಗಬೇಕು?

‘ಅವತಾರ್’ ಚಿತ್ರದ ನಾಯಕನ ಹೆಸರು ಥಟ್ಟನೆ ನೆನಪಾಗದವರೂ ಥೀಮ್ ಪಾರ್ಕಿನಲ್ಲಿ ಕಟ್ಟಿದ ಅದರ ಪಂಡೋರಾ ಲೋಕದ ತೇಲುವ ಬೆಟ್ಟಗಳ ಕೆಳಗೆ ನಿಂತ ಗಳಿಗೆಯನ್ನು ವರ್ಷಗಳ ನಂತರ ನೆನೆಯುತ್ತಾರೆ. ‘ಸ್ಟಾರ್ ವಾರ್ಸ್’ನ ಒಂದೊಂದು ನೌಕೆಯ ಹೆಸರನ್ನೂ ಬಾಯಿಪಾಠ ಒಪ್ಪಿಸಬಲ್ಲವರು ಆ ಚಿತ್ರಗಳ ಪಾರ್ಕ್ ಲೋಕವಾದ ಗ್ಯಾಲಕ್ಸೀಸ್ ಎಡ್ಜ್‌ನಿಂದ ಹೊರಬರುವಾಗ ‘ಎಲ್ಲವೂ ಇತ್ತು, ಆದರೂ…’ ಎಂದು ಅರ್ಧಕ್ಕೆ ಮಾತು ನಿಲ್ಲಿಸುತ್ತಾರೆ. ವೈಜ್ಞಾನಿಕ ಕಲ್ಪನೆಯ ಚಿತ್ರಗಳನ್ನು ಆಧರಿಸಿದ ಥೀಮ್ ಪಾರ್ಕ್ ಲೋಕಗಳ ಬಗ್ಗೆ ಅಭಿಮಾನಿಗಳು ಆಡುವ ಮಾತುಗಳನ್ನು ವರ್ಷಗಟ್ಟಲೆ ಕೇಳಿದ ಮೇಲೂ ನನ್ನನ್ನು ಕಾಡುವುದು ಈ ತಿರುಗುಮುರುಗು. ಎಲ್ಲಿಗೆ ಹೋಗಬೇಕೆಂದು ಯೋಚಿಸುತ್ತಿರುವವರಿಗೆ ಉತ್ತರವೂ ಇದರಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಒಂದು ಚಿತ್ರವನ್ನು ಮೆಚ್ಚಿದಾಗ ನಾವು ಮೆಚ್ಚಿದ್ದು ಅದರ ಜನರನ್ನೋ, ಅದರ ಜಾಗವನ್ನೋ, ಎದೆ ಝಲ್ಲೆಂದ ಆ ಕ್ಷಣವನ್ನೋ? ಜಾಗವನ್ನು ಉಕ್ಕು, ಸಿಮೆಂಟು, ಗಿಡಮರ, ಬೆಳಕುಗಳಿಂದ ಕಟ್ಟಬಹುದು. ಭಯವನ್ನು ಎಂಜಿನಿಯರುಗಳು ಲೆಕ್ಕ ಹಾಕಿ ತಂದುಕೊಡಬಲ್ಲರು. ಜನರನ್ನು ತರುವುದು ಮಾತ್ರ ಕಷ್ಟ. ಪಾತ್ರಗಳಿಗಾಗಿ ಚಿತ್ರವನ್ನು ಪ್ರೀತಿಸಿದವರಿಗೆ ಅತಿ ಚೆಂದದ ಲೋಕದಲ್ಲೂ ಒಂದು ಖಾಲಿತನ ಕಾಣುತ್ತದೆ. ಜಾಗಕ್ಕಾಗಿ ಪ್ರೀತಿಸಿದವರಿಗೆ ಮನೆಗೆ ಬಂದಂತಾಗುತ್ತದೆ. ನೀವು ಇವರಲ್ಲಿ ಯಾರೆಂದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಪಂಡೋರಾ: ಕಥೆ ಬೇಡದ ಕಾಡು

2011ರಲ್ಲಿ ಡಿಸ್ನಿ ‘ಅವತಾರ್’ ಲೋಕ ಕಟ್ಟುವುದಾಗಿ ಪ್ರಕಟಿಸಿದಾಗ ಅಭಿಮಾನಿಗಳಲ್ಲಿ ಹೆಚ್ಚಿನವರು ಮುಖ ಸಿಂಡರಿಸಿದ್ದರು. 2009ರಲ್ಲಿ ಬಂದ ಚಿತ್ರ ಗಳಿಕೆಯಲ್ಲಿ ದಾಖಲೆ ಬರೆದಿತ್ತು, ನಿಜ. ಆದರೆ ಅದರ ಬೊಂಬೆಗಳನ್ನು ಕೊಂಡು ಆಡಿದ ಮಕ್ಕಳು, ಅದರ ಸಂಭಾಷಣೆ ಹೇಳಿಕೊಂಡು ತಿರುಗಿದ ಹುಡುಗರು ಎಲ್ಲಿ ಎಂಬುದು ಅವರ ಪ್ರಶ್ನೆಯಾಗಿತ್ತು. 2017ರ ಮೇ 27ರಂದು ಫ್ಲಾರಿಡಾದ ಡಿಸ್ನೀಸ್ ಅನಿಮಲ್ ಕಿಂಗ್‌ಡಮ್‌ನಲ್ಲಿ 12 ಎಕರೆಯ ಆ ಲೋಕ ತೆರೆದಾಗ ಹೀಗೆ ಕೇಳಿದವರಲ್ಲೇ ಅನೇಕರು ಮಾತು ಬದಲಿಸಿದರು.

ಕಾರಣ ಸರಳ. ಇದನ್ನು ರೂಪಿಸಿದ ತಂಡ ಚಿತ್ರದ ಕಥೆಯನ್ನು ಬದಿಗಿಟ್ಟಿತು. ಆ ತಂಡದ ಮುಂದಾಳು ಜೋ ರೋಡಿ. ಅನಿಮಲ್ ಕಿಂಗ್‌ಡಮ್ ಅನ್ನು ಮೊದಲಿನಿಂದ ಕಟ್ಟಿದವರೂ ಅವರೇ. ಚಿತ್ರದ ಯುದ್ಧ ಮುಗಿದು ಒಂದು ತಲೆಮಾರು ಕಳೆದಿದೆ, ಕಾಡು ಗಾಯ ಮಾಯಿಸಿಕೊಂಡಿದೆ, ನೀವು ಪ್ರವಾಸಿಗರಾಗಿ ಬಂದಿದ್ದೀರಿ: ಅಲ್ಲಿನ ಕಥೆ ಎಂದರೆ ಇಷ್ಟೇ. ಗಣಿ ಕಂಪನಿ ಬಿಟ್ಟುಹೋದ ಕಬ್ಬಿಣದ ಮೇಲೆ ಬಳ್ಳಿ ಹಬ್ಬಿದೆ. ಮೇಲೆ ಬಂಡೆಗಳು ತೇಲುತ್ತಿವೆ, ಅವುಗಳಿಂದ ನೀರು ಸುರಿಯುತ್ತಿದೆ. ಆಧಾರವಾಗಿರುವ ಉಕ್ಕನ್ನು ಬಳ್ಳಿಗಳ ವೇಷದಲ್ಲಿ ಅಡಗಿಸಿದ್ದಾರೆ. ಅದು ಗೊತ್ತಿದ್ದೂ ಕಣ್ಣು ಆ ಆಧಾರವನ್ನು ಹುಡುಕಲು ಒಪ್ಪುವುದಿಲ್ಲ. ನಿಜವಾದ ಗಿಡಗಳ ನಡುವೆ ಕೃತಕ ಗಿಡಗಳನ್ನು ಸೇರಿಸಿರುವ ರೀತಿಯನ್ನು ನೋಡುತ್ತಲೇ ಅರ್ಧ ಗಂಟೆ ಕಳೆಯಬಹುದು.

ಇಲ್ಲಿನ ದೊಡ್ಡ ರೈಡ್ ‘ಫ್ಲೈಟ್ ಆಫ್ ಪ್ಯಾಸೇಜ್’. ಗುಹೆ, ಪ್ರಯೋಗಾಲಯ, ತೊಟ್ಟಿಯಲ್ಲಿ ತೇಲುತ್ತಾ ಮಲಗಿರುವ ಅವತಾರ್ ದೇಹ, ಇವೆಲ್ಲವನ್ನೂ ದಾಟಿ ಹೋಗಿ ಮೋಟಾರ್ ಸೈಕಲ್ಲಿನಂಥ ಆಸನದ ಮೇಲೆ ಮುಂದಕ್ಕೆ ಬಾಗಿ ಕುಳಿತುಕೊಳ್ಳಬೇಕು. ಮುಂದಿರುವುದು ಪರದೆ, ಕಣ್ಣಿಗಿರುವುದು ಮೂರು ಆಯಾಮದ ಕನ್ನಡಕ. ಸಿಮ್ಯುಲೇಟರ್‌ಗಳು ಹೊಸತೇನಲ್ಲ. ಇದನ್ನು ಬೇರೆಯಾಗಿಸುವುದು ಒಂದು ಸಣ್ಣ ಸಂಗತಿ: ನೀವು ಏರಿ ಕುಳಿತ ಹಕ್ಕಿಯ ಉಸಿರಾಟ ನಿಮ್ಮ ಮೊಣಕಾಲುಗಳ ನಡುವೆ ಉಬ್ಬಿ ಇಳಿಯುತ್ತದೆ. ಹಾರಾಟದ ನಡುವೆ ಅದು ವಿಶ್ರಮಿಸುವ ಕ್ಷಣದಲ್ಲಿ ಪಕ್ಕೆಗಳು ನಿಧಾನವಾಗುವುದು ಗೊತ್ತಾಗುತ್ತದೆ. ಕಾಡಿನ ವಾಸನೆ, ಮುಖಕ್ಕೆ ಗಾಳಿ, ನೀರಿನ ಹನಿ ಎಲ್ಲವೂ ಇವೆ. ಆದರೂ ಇಳಿದು ಬಂದವರು ಮೊದಲು ಹೇಳುವುದು ಆ ಉಸಿರಿನ ಮಾತನ್ನೇ. ಅತ್ತುಬಿಟ್ಟೆ ಎನ್ನುವವರ ಮಾತು ಉತ್ಪ್ರೇಕ್ಷೆಯಲ್ಲ.

ಎರಡನೆಯದು ‘ನಾವಿ ರಿವರ್ ಜರ್ನಿ’, ಹೊಳೆಯುವ ಕಾಡಿನೊಳಗೆ ದೋಣಿಯ ಪಯಣ. ಕೊನೆಯಲ್ಲಿ ಹಾಡುವ ಶಾಮನ್ (ಬುಡಕಟ್ಟಿನ ಮಾಂತ್ರಿಕ) ಮಹಿಳೆಯ ಯಾಂತ್ರಿಕ ಆಕೃತಿಯ ಕೈಬೆರಳು, ಕಣ್ಣು, ತುಟಿಗಳ ಚಲನೆ ಯಾವ ಪಾರ್ಕಿನಲ್ಲೂ ಮೊದಲ ಸಾಲಿನಲ್ಲಿ ನಿಲ್ಲುವ ಕೆಲಸ. ಆದರೆ ಪಯಣ ಐದು ನಿಮಿಷವೂ ಇಲ್ಲ. ಕಥೆಯೂ ಇಲ್ಲ. ಒಂದು ಗಂಟೆಗೂ ಹೆಚ್ಚು ಸರದಿಯಲ್ಲಿ ನಿಂತು ಹೋದವರಿಗೆ ನಿರಾಸೆಯಾಗುವುದು ಸಹಜ. ಸಾಲು ಚಿಕ್ಕದಿದ್ದರೆ ಹೋಗಿ, ಉದ್ದವಿದ್ದರೆ ಆ ಸಮಯವನ್ನು ಹೊರಗೆ ನಡೆದಾಡಲು ಕೊಡಿ ಎನ್ನುವುದು ನನ್ನ ಸಲಹೆ.

ಪಂಡೋರಾದ ಬಗ್ಗೆ ಕೇಳಿಬರುವ ನ್ಯಾಯವಾದ ದೂರು ಇದು: ಇರುವುದು ಎರಡೇ ರೈಡ್, ಚಿತ್ರದ ನೀಲಿ ಮೈಯ ನಾವಿ ಜನರು ದಾರಿಯಲ್ಲಿ ಎದುರಾಗುವುದಿಲ್ಲ. ಪಾತ್ರಗಳನ್ನು ಹುಡುಕಿಕೊಂಡು ಹೋದವರಿಗೆ ಇಲ್ಲಿ ಏನೂ ಸಿಗದು.

ಸಮಯದ ವಿಷಯವನ್ನು ಒತ್ತಿ ಹೇಳಬೇಕು. ಕತ್ತಲಾದ ಮೇಲೆ ನೆಲ, ಗಿಡ, ಕಂಬಗಳೆಲ್ಲ ಮಂದವಾಗಿ ಹೊಳೆಯುವುದೇ ಈ ಲೋಕದ ಅರ್ಧ ಜೀವ. ಆದರೆ ಅನಿಮಲ್ ಕಿಂಗ್‌ಡಮ್ ಪಕ್ಕದ ಪಾರ್ಕುಗಳಿಗಿಂತ ಬೇಗ ಬಾಗಿಲು ಹಾಕುವುದುಂಟು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ನಂತರ. ಹಾಗಾಗಿ ಬೇಸಿಗೆ ರಜೆಯಲ್ಲಿ ಹೋದವರಲ್ಲಿ ಅನೇಕರು ಆ ಹೊಳಪನ್ನು ಕಾಣದೆಯೇ ಹಿಂದಿರುಗುತ್ತಾರೆ. ಬೇಗ ಕತ್ತಲಾಗುವ ನವೆಂಬರ್‌ನಿಂದ ಫೆಬ್ರವರಿಯ ನಡುವೆ ಹೋಗಲು ಸಾಧ್ಯವಾದರೆ ಹಾಗೆ ಮಾಡಿ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹಾರಾಟ ಮುಗಿಸಿ, ಸಂಜೆ ಮತ್ತೆ ಬರಿಗೈಯಲ್ಲಿ ಬಂದು ಸುಮ್ಮನೆ ನಡೆಯಿರಿ.

ಗ್ಯಾಲಕ್ಸೀಸ್ ಎಡ್ಜ್: ಅಭಿಮಾನಿಗಳ ಅತಿ ದೊಡ್ಡ ಜಗಳ

ಸ್ಟಾರ್ ವಾರ್ಸ್ ಲೋಕ 2019ರ ಮೇ 31ರಂದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲೂ, ಆಗಸ್ಟ್ 29ರಂದು ಫ್ಲಾರಿಡಾದ ಡಿಸ್ನೀಸ್ ಹಾಲಿವುಡ್ ಸ್ಟುಡಿಯೋಸ್‌ನಲ್ಲೂ ತೆರೆಯಿತು. ಎರಡೂ ಸುಮಾರು 14 ಎಕರೆ, ಹೆಚ್ಚುಕಡಿಮೆ ಒಂದೇ ನಕ್ಷೆ. ಎರಡರಲ್ಲೂ ಇರುವುದು ಬಟೂ ಎಂಬ ಗ್ರಹ, ಅದರಲ್ಲಿ ಬ್ಲ್ಯಾಕ್ ಸ್ಪೈರ್ ಎಂಬ ಹೊರಠಾಣೆ. ಲೋಕ ತೆರೆಯುವವರೆಗೆ ಆ ಗ್ರಹ ಯಾವ ಚಿತ್ರದಲ್ಲೂ ಕಾಣಿಸಿಕೊಂಡಿರಲಿಲ್ಲ.

ಜಗಳ ಹುಟ್ಟಿದ್ದು ಇಲ್ಲಿಂದಲೇ. ಟಾಟೂಯಿನ್‌ನಂಥ ಪರಿಚಿತ ಗ್ರಹವನ್ನು ಕಟ್ಟಿದರೆ ಅಲ್ಲಿ ನಡೆದ ಕಥೆ ಆಗಲೇ ಬೇರೆಯವರದ್ದಾಗಿರುತ್ತದೆ, ಹೊಸ ಜಾಗದಲ್ಲಾದರೆ ಬಂದವರದ್ದೇ ಕಥೆ ಎಂಬುದು ಕಟ್ಟಿದವರ ವಾದ. ಬಾಲ್ಯದಿಂದ ಎರಡು ಸೂರ್ಯರು ಮುಳುಗುವ ಆ ಮರುಭೂಮಿಯ ಕನಸು ಕಂಡವರಿಗೆ ಈ ವಾದ ರುಚಿಸಲಿಲ್ಲ. ಜೊತೆಗೆ ಕಾಲವನ್ನು 2015ರ ನಂತರದ ಚಿತ್ರಗಳಿಗೆ ಕಟ್ಟಿಹಾಕಿದ್ದರಿಂದ ತೆರೆದಾಗ ರೇ ಇದ್ದಳು, ಕೈಲೋ ರೆನ್ ಇದ್ದ. ಡಾರ್ತ್ ವೇಡರ್ ಇರಲಿಲ್ಲ, ಲ್ಯೂಕ್ ಇರಲಿಲ್ಲ. ಮೊದಲ ಮೂರು ಚಿತ್ರಗಳನ್ನು ಉಸಿರಾಡಿ ಬೆಳೆದವರು ತಮ್ಮ ಮನೆಗೆ ಬಂದು ತಮ್ಮವರು ಯಾರೂ ಇಲ್ಲದ್ದನ್ನು ಕಂಡಂತೆ ನೊಂದುಕೊಂಡರು. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲೋಕಕ್ಕೆ ಮ್ಯಾಂಡಲೋರಿಯನ್ ಮತ್ತು ಪುಟ್ಟ ಗ್ರೋಗು ಬಂದಾಗ ಆ ಕಾಲದ ಗೋಡೆ ಸ್ವಲ್ಪ ಸಡಿಲವಾಯಿತು. ಆ ಪುಟ್ಟವನ ಸುತ್ತ ನೆರೆಯುವ ಜನರ ಮುಖ ನೋಡಿದರೆ ಅವರಿಗೆ ಬೇಕಿದ್ದದ್ದು ಏನೆಂದು ತಿಳಿಯುತ್ತದೆ.

ನನ್ನ ಮನಸ್ಸು ಈ ವಿಷಯದಲ್ಲಿ ಅಭಿಮಾನಿಗಳ ಕಡೆಗೇ ಇದೆ. ಆದರೂ ಕಟ್ಟಿದವರ ಶ್ರದ್ಧೆಯನ್ನು ಕಡೆಗಣಿಸಲಾರೆ. ನೆಲವನ್ನು ಬಗ್ಗಿ ನೋಡಿ: ರೋಬಾಟ್ ಡ್ರಾಯ್ಡ್‌ಗಳು ಉರುಳಿಹೋದ ಗಾಲಿಗುರುತುಗಳು ಕಾಂಕ್ರೀಟಿನಲ್ಲಿ ಒತ್ತಿಕೊಂಡಿವೆ. ಫಲಕಗಳು ಆ ಚಿತ್ರಗಳ ಕಾಲ್ಪನಿಕ ಆರಬೆಶ್ ಲಿಪಿಯಲ್ಲಿವೆ. ಅಲ್ಲಿನ ಸಿಬ್ಬಂದಿ ನಮಸ್ಕಾರದ ಬದಲು ಹಗಲಲ್ಲಿ ಪ್ರಕಾಶಮಾನ ಸೂರ್ಯರ ಹೆಸರಿನಲ್ಲಿ, ರಾತ್ರಿಯಲ್ಲಿ ಏರುವ ಚಂದ್ರರ ಹೆಸರಿನಲ್ಲಿ ಶುಭ ಕೋರುತ್ತಾರೆ. ತೆರೆದಾಗ ಹಿನ್ನೆಲೆ ಸಂಗೀತ ಬಹುಪಾಲು ಇರಲಿಲ್ಲ. ತಲೆಯ ಮೇಲೆ ಕಾಣದ ನೌಕೆ ಹಾದುಹೋದ ಸದ್ದು ಮಾತ್ರ. ಈ ಲೋಕಕ್ಕಾಗಿಯೇ ಆ ಚಿತ್ರಗಳ ಸಂಗೀತಕಾರ ಜಾನ್ ವಿಲಿಯಮ್ಸ್ ರಚಿಸಿದ ಸಂಗೀತಕ್ಕೆ 2020ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅಂಥ ಸಂಗೀತವಿದ್ದೂ ಬೀದಿಯಲ್ಲಿ ಅದನ್ನು ಕೇಳಿಸದೆ ಉಳಿಸಿದ್ದು ಧೈರ್ಯದ ನಿರ್ಧಾರ. ಬೆಳಗಿನ ಜನವಿಲ್ಲದ ಹೊತ್ತಿನಲ್ಲಿ ಅದು ಗೆಲ್ಲುತ್ತಿತ್ತು, ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಸೋಲುತ್ತಿತ್ತು.

ಚಿತ್ರಗಳ ಹೆಸರಾಂತ ನೌಕೆ ಮಿಲೇನಿಯಂ ಫಾಲ್ಕನ್ ಪೂರ್ಣ ಗಾತ್ರದಲ್ಲಿ, ನೂರು ಅಡಿಗೂ ಉದ್ದವಾಗಿ, ಕಣ್ಣೆದುರು ನಿಂತಿದೆ. ಅದನ್ನು ಮೊದಲ ಬಾರಿ ಕಂಡಾಗ ಗಂಟಲು ಕಟ್ಟದ ಅಭಿಮಾನಿಯನ್ನು ನಾನು ಕಂಡಿಲ್ಲ. ಒಳಗಿನ ‘ಸ್ಮಗ್ಲರ್ಸ್ ರನ್’ ರೈಡ್‌ನಲ್ಲಿ ಆರು ಜನರ ತಂಡ: ಇಬ್ಬರು ಪೈಲಟ್‌ಗಳು, ಇಬ್ಬರು ಬಂದೂಕುಧಾರಿಗಳು, ಇಬ್ಬರು ಎಂಜಿನಿಯರ್‌ಗಳು. ನಿಮ್ಮ ಅನುಭವ ಪೂರ್ತಿ ಅವಲಂಬಿಸಿರುವುದು ಯಾವ ಆಸನ ಸಿಕ್ಕಿತು ಎಂಬುದರ ಮೇಲೆ. ಪೈಲಟ್ ಆದರೆ ನೌಕೆ ನಿಜವಾಗಿ ನಿಮ್ಮ ಕೈಗೆ ಓಗೊಡುತ್ತದೆ. ಎಂಜಿನಿಯರ್ ಆದರೆ ಗುಂಡಿಗಳು ಪಕ್ಕದ ಗೋಡೆಯ ಮೇಲಿರುವುದರಿಂದ ಕುತ್ತಿಗೆ ತಿರುಗಿಸಿ ಅವನ್ನು ಒತ್ತುವಷ್ಟರಲ್ಲಿ ಮುಂದಿನ ನೋಟ ಕೈತಪ್ಪುತ್ತದೆ. ಒಬ್ಬೊಬ್ಬರೇ ಹೋಗುವವರ ಚಿಕ್ಕ ಸಾಲನ್ನು ಹಿಡಿದವರಿಗೆ ಹೆಚ್ಚಾಗಿ ಸಿಗುವುದು ಇದೇ ಆಸನ. ಇಲ್ಲಿಗೆ ಆರು ಜನ ಪರಿಚಿತರು ಕೂಡಿ ಹೋಗುವುದೇ ಸರಿ.

‘ರೈಸ್ ಆಫ್ ದಿ ರೆಸಿಸ್ಟೆನ್ಸ್’ ಬಗ್ಗೆ ಜಗಳವೇ ಇಲ್ಲ. 2019ರ ಡಿಸೆಂಬರ್ 5ರಂದು ಫ್ಲಾರಿಡಾದಲ್ಲಿ, ಮರುತಿಂಗಳು ಕ್ಯಾಲಿಫೋರ್ನಿಯಾದಲ್ಲಿ ತೆರೆದ ಇದನ್ನು ರೈಡ್ ಎನ್ನುವುದಕ್ಕಿಂತ ಸುಮಾರು ಇಪ್ಪತ್ತು ನಿಮಿಷದ ನಾಟಕದೊಳಗೆ ಸಿಕ್ಕಿಬೀಳುವುದು ಎನ್ನಬೇಕು. ಒಂದು ಬಾಗಿಲು ತೆರೆದಾಗ ಎದುರಿಗೆ ಸಾಲುಗಟ್ಟಿ ನಿಂತ ಶತ್ರು ಸೈನಿಕರಾದ ಸ್ಟಾರ್ಮ್‌ಟ್ರೂಪರ್‌ಗಳು, ಅವರ ಹಿಂದೆ ಬಾಹ್ಯಾಕಾಶ ಕಾಣುವ ಬೃಹತ್ ಕಿಟಕಿ. ಆ ನೋಟ ಬಿದ್ದ ಕ್ಷಣದಲ್ಲಿ ಎಲ್ಲರ ಮಾತು ಒಮ್ಮೆಲೇ ನಿಲ್ಲುತ್ತದೆ. ಮುಂದಿನದನ್ನು ಹೇಳಿ ನಿಮ್ಮ ಸುಖವನ್ನು ಕೆಡಿಸಲಾರೆ. ಇದು ಬಹಳ ಸಂಕೀರ್ಣವಾದ ಯಂತ್ರ, ಆಗಾಗ ನಿಂತುಹೋಗುತ್ತದೆ ಎಂಬುದು ಅಭಿಮಾನಿಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಆದ್ದರಿಂದ ದಿನದ ಕೊನೆಗೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ತೆರೆಯುವ ಮುನ್ನ, ನೀವು ನೌಕೆಯನ್ನು ಹೇಗೆ ಹಾರಿಸಿದಿರಿ ಎಂಬ ಸುದ್ದಿ ಪಾನಗೃಹದವರೆಗೂ ನಿಮ್ಮನ್ನು ಹಿಂಬಾಲಿಸುತ್ತದೆ, ಇಡೀ ಊರು ನಿಮ್ಮನ್ನು ಗುರುತಿಸುತ್ತದೆ ಎಂಬ ಮಾತು ಹರಡಿತ್ತು. ಕೊನೆಗೆ ಅದರಲ್ಲಿ ಉಳಿದದ್ದು ಬಹುಪಾಲು ಮೊಬೈಲ್ ಆ್ಯಪ್‌ನ ಆಟ. ಆ ಕನಸನ್ನು ಪೂರ್ತಿಯಾಗಿ ಕಟ್ಟುವ ಪ್ರಯತ್ನವೂ ನಡೆಯಿತು: ಫ್ಲಾರಿಡಾದಲ್ಲಿ 2022ರ ಮಾರ್ಚ್ 1ರಂದು ಶುರುವಾದ ‘ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್’ ಎಂಬ ನೂರು ಕೋಣೆಗಳ ಹೋಟೆಲ್. ಎರಡು ರಾತ್ರಿ ನೀವು ಅಲ್ಲಿ ಪಾತ್ರವೇ ಆಗಿ ಬದುಕಬಹುದಿತ್ತು. ಇಬ್ಬರಿಗೆ ಸುಮಾರು 4,800 ಡಾಲರ್‌ನಿಂದ ದರ ಆರಂಭ. ಹೋಗಿಬಂದವರಲ್ಲಿ ಬಹಳ ಜನ ಅದನ್ನು ಬಾಯಿತುಂಬ ಹೊಗಳಿದರು. ಆದರೆ ಅಷ್ಟು ಹಣ ತೆರಬಲ್ಲವರು ಎಷ್ಟು ಮಂದಿ? 2023ರ ಸೆಪ್ಟೆಂಬರ್ ಕೊನೆಯಲ್ಲಿ ಅದು ಮುಚ್ಚಿತು.

ಲೋಕದೊಳಗೂ ಹಣದ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಸಾವಿಯ ಕಾರ್ಯಾಗಾರದಲ್ಲಿ ನಿಮ್ಮ ಕೈಯಾರೆ ಬೆಳಕಿನ ಖಡ್ಗವಾದ ಲೈಟ್‌ಸೇಬರ್ ಜೋಡಿಸಿಕೊಳ್ಳಲು ಆರಂಭದಲ್ಲೇ ಸುಮಾರು 200 ಡಾಲರ್ ಇತ್ತು, ನಂತರ ಏರಿದೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಕೊಡುವ ಹಣ ಆ ಆಯುಧಕ್ಕಲ್ಲ. ಕತ್ತಲ ಕೋಣೆಯಲ್ಲಿ ಎಲ್ಲರ ಖಡ್ಗಗಳೂ ಒಟ್ಟಿಗೆ ಬೆಳಗುವ ಆ ವಿಧಿಗೆ. ನಿಮಗೆ ವಿಧಿ ಮುಖ್ಯವೆನಿಸಿದರೆ ಕೊಡಿ, ವಸ್ತು ಮಾತ್ರ ಬೇಕಿದ್ದರೆ ಬೇಡ.

ಜುರಾಸಿಕ್: ಭಯಕ್ಕಾಗಿ ಬಂದವರಿಗೆ

ಡೈನೋಸಾರ್‌ಗಳ ಅಭಿಮಾನಿಗಳಿಗೆ ಒಂದು ವಿಶೇಷ ಅದೃಷ್ಟ ಇದೆ. ಮೂಲ ‘ಜುರಾಸಿಕ್ ಪಾರ್ಕ್’ ಚಿತ್ರವೇ ಒಂದು ಪಾರ್ಕಿನ ಕಥೆ. ಪಾರ್ಕಿಗೆ ಬಂದ ಪ್ರವಾಸಿಗರೇ ಪಾತ್ರಗಳು. ಹಾಗಾಗಿ ನೀವು ಯಾರ ವೇಷವನ್ನೂ ಹಾಕಬೇಕಿಲ್ಲ, ಯಾವ ನಾಯಕ ಇಲ್ಲವೆಂದೂ ಕೊರಗಬೇಕಿಲ್ಲ. ಬಾಗಿಲು ದಾಟಿದೊಡನೆ ಕಥೆ ಶುರು.

ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ 1996ರಲ್ಲಿ ದೋಣಿಯ ರೈಡ್ ಬಂದಿತು. ಅದೇ 2019ರಲ್ಲಿ ‘ಜುರಾಸಿಕ್ ವರ್ಲ್ಡ್’ ರೂಪಕ್ಕೆ ಬದಲಾಯಿತು. ಬದಲಾವಣೆಯ ಬಗ್ಗೆ ಅಭಿಮಾನಿಗಳು ಇಬ್ಭಾಗವಾಗಿದ್ದಾರೆ: ಸಮುದ್ರದ ದೈತ್ಯ ಸರೀಸೃಪ ಮೋಸಾಸಾರಸ್ ಈಜುವ ಗಾಜಿನ ಕೋಣೆಯನ್ನು ಮೆಚ್ಚದವರು ಕಡಿಮೆ, ಹಳೆಯ ನಿಧಾನ ಆರಂಭದ ಗಾಂಭೀರ್ಯವನ್ನು ಮರೆತವರೂ ಕಡಿಮೆ. ಆ ಹಳೆಯ ರೂಪ ಬೇಕಿದ್ದರೆ ಫ್ಲಾರಿಡಾದ ಐಲ್ಯಾಂಡ್ಸ್ ಆಫ್ ಅಡ್ವೆಂಚರ್‌ಗೆ ಹೋಗಬೇಕು. 1999ರಲ್ಲಿ ತೆರೆದ ಅಲ್ಲಿನ ಜುರಾಸಿಕ್ ಪಾರ್ಕ್ ಲೋಕದಲ್ಲಿ ಚಿತ್ರದ ಸಂದರ್ಶಕ ಕೇಂದ್ರವನ್ನೇ ಹೋಲುವ ಕಟ್ಟಡವಿದೆ. ಸೌಮ್ಯ ಸಸ್ಯಾಹಾರಿಗಳ ನಡುವೆ ಸಾಗುವ ದೋಣಿ ದಾರಿ ತಪ್ಪಿ, ಕೊನೆಗೆ ಟಿ-ರೆಕ್ಸ್‌ನ ಬಾಯಿಯಿಂದ ತಪ್ಪಿಸಿಕೊಂಡು 85 ಅಡಿ ಕೆಳಗೆ ಧುಮುಕುತ್ತದೆ. ಯಂತ್ರಗಳಿಗೆ ವಯಸ್ಸಾಗಿದೆ, ಅದು ಕಾಣುತ್ತದೆ. ಆದರೂ ಮೊದಲ ದ್ವಾರ ತೆರೆದುಕೊಂಡು ಚಿತ್ರದ ಆ ಸಂಗೀತ ಏಳುವಾಗ ಮೈ ಜುಮ್ಮೆನ್ನುವುದು ನಿಂತಿಲ್ಲ.

ಅದೇ ಲೋಕದಲ್ಲಿ 2021ರ ಜೂನ್‌ನಲ್ಲಿ ಬಂದ ‘ವೆಲೋಸಿಕೋಸ್ಟರ್’ ಎಂಬ ರೋಲರ್ ಕೋಸ್ಟರ್ ಚರ್ಚೆಯ ದಿಕ್ಕನ್ನೇ ಬದಲಿಸಿತು. ಗಂಟೆಗೆ ಸುಮಾರು 113 ಕಿಲೋಮೀಟರ್ ವೇಗ, 47 ಮೀಟರ್ ಎತ್ತರ, ನಾಲ್ಕು ಬಾರಿ ತಲೆಕೆಳಗು. ತೊಡೆಯ ಮೇಲೆ ಒಂದು ಪಟ್ಟಿ ಬಿಟ್ಟರೆ ಭುಜಕ್ಕೆ ಯಾವ ಆಸರೆಯೂ ಇಲ್ಲ. ಕೊನೆಯ ತಿರುವಿನಲ್ಲಿ ಕೊಳದ ನೀರಿಗೆ ಅಂಟಿದಂತೆ ಉರುಳುವಾಗ ಆಸನದಿಂದ ದೇಹ ಪೂರ್ತಿ ಮೇಲೇಳುತ್ತದೆ. ರೋಲರ್ ಕೋಸ್ಟರ್ ಪ್ರಿಯರಿಗೆ ಇದು ತೀರ್ಥಯಾತ್ರೆ. ಹಳೆಯ ಚಿತ್ರದ ಭಕ್ತರಿಗೆ ಮಾತ್ರ ಹಸಿರು ಕಾಡಿನ ನಡುವೆ ಬಂದು ಕುಳಿತ ಈ ಬೂದು ಉಕ್ಕಿನ ಹಳಿ ಕಣ್ಣಿಗೆ ಚುಚ್ಚುತ್ತದೆ. ಅವರ ಮಾತಿನಲ್ಲಿ ಸತ್ಯವಿದೆ. ನಾನು ಮಾತ್ರ ಸವಾರಿ ಮುಗಿದ ಮೇಲೆ ವಾದಕ್ಕೆ ನಿಲ್ಲಲಾರೆ. ಸಾಲಿನಲ್ಲಿ ಮೊಬೈಲ್ ಸೇರಿ ಜೇಬಿನಲ್ಲಿರುವುದನ್ನೆಲ್ಲ ಲಾಕರ್‌ನಲ್ಲಿಟ್ಟು, ಲೋಹಶೋಧಕದ ಮೂಲಕ ಹಾದು ಹೋಗಬೇಕೆಂಬುದು ನೆನಪಿರಲಿ.

ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್ ಜಪಾನ್‌ನಲ್ಲಿ 2016ರಿಂದ ‘ಫ್ಲೈಯಿಂಗ್ ಡೈನೋಸಾರ್’ ಎಂಬ ರೋಲರ್ ಕೋಸ್ಟರ್ ಇದೆ. ಹಾರುವ ಸರೀಸೃಪ ಟೆರನೋಡಾನ್ ನಿಮ್ಮನ್ನು ಬೆನ್ನಿನಿಂದ ಕಚ್ಚಿಕೊಂಡು ಹೋದಂತೆ, ಮುಖ ಕೆಳಗಾಗಿ 1,124 ಮೀಟರ್ ದೂರ ಹಾರಿಸುತ್ತದೆ. ಸಿಂಗಪುರದಲ್ಲಿ ದೋಣಿಯ ಬದಲು ದುಂಡನೆಯ ತೆಪ್ಪ. ಬೀಜಿಂಗ್‌ನಲ್ಲಿ 2021ರಲ್ಲಿ ತೆರೆದ ಪಾರ್ಕಿನಲ್ಲೂ ಇಡೀ ಜುರಾಸಿಕ್ ದ್ವೀಪವೇ ಇದೆ.

ಮಾತಿಗೆ ಬಾರದ ಒಂದು ದ್ವೀಪ

ಅಮೆರಿಕದ ಲೋಕಗಳ ಗದ್ದಲದಲ್ಲಿ ಟೋಕಿಯೋ ಡಿಸ್ನಿಸೀಯ ‘ಮಿಸ್ಟೀರಿಯಸ್ ಐಲ್ಯಾಂಡ್’ ಹೆಸರು ಕಡಿಮೆ ಕೇಳುತ್ತದೆ. ನನಗೆ ಇದರ ಮೇಲೆ ವಿಶೇಷ ಮಮತೆ. 2001ರಲ್ಲಿ ಪಾರ್ಕಿನ ಜೊತೆಗೇ ತೆರೆದ ಇದು ಜೂಲ್ಸ್ ವರ್ನ್ ಕಥೆಗಳ ಮೇಲೂ, ಡಿಸ್ನಿಯ 1954ರ ಚಿತ್ರಕ್ಕಾಗಿ ಹಾರ್ಪರ್ ಗಾಫ್ ರೂಪಿಸಿದ ನಾಟಿಲಸ್ ಜಲಾಂತರ್ಗಾಮಿಯ ಚೆಲುವಿನ ಮೇಲೂ ನಿಂತಿದೆ. ಜ್ವಾಲಾಮುಖಿಯ ಬಾಯೊಳಗೆ ಇಡೀ ಲೋಕ. ಕೆಳಗೆ ನೀರಿನಲ್ಲಿ ತಂಗಿದ ನಾಟಿಲಸ್. ಆಗಾಗ ಬೆಟ್ಟ ಗುಡುಗಿ ಬೆಂಕಿ ಉಗುಳುತ್ತದೆ. ಭೂಗರ್ಭದ ಪಯಣ ನಿಧಾನವಾಗಿ ಹೋಗಿ ಕೊನೆಗೆ ಒಮ್ಮೆಲೇ ಹೊರಚಿಮ್ಮುತ್ತದೆ. ಸಮುದ್ರದಾಳದ ಪಯಣದಲ್ಲಿ ನೀವು ನಿಜಕ್ಕೂ ನೀರಿಗೆ ಇಳಿಯುವುದೇ ಇಲ್ಲ. ಕಿಟಕಿಯ ಎರಡು ಗಾಜುಗಳ ನಡುವೆ ಏಳುವ ಗುಳ್ಳೆಗಳು ಆ ಭ್ರಮೆಯನ್ನು ಹುಟ್ಟಿಸುತ್ತವೆ. ತಿಳಿದ ಮೇಲೂ ಭ್ರಮೆ ಕೆಡದ ಇಂಥ ಉಪಾಯವನ್ನು ಕಂಡಾಗ ಅದನ್ನು ಮಾಡಿದವರಿಗೆ ಕೈ ಮುಗಿಯಬೇಕೆನಿಸುತ್ತದೆ. ಜಾಗವನ್ನು ಪ್ರೀತಿಸುವವರಿಗೆ ಪಂಡೋರಾದ ಪಕ್ಕದಲ್ಲಿ, ನನ್ನ ಮಟ್ಟಿಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಇದನ್ನು ಇಡುತ್ತೇನೆ.

ತೀರ್ಮಾನಿಸುವ ಮುನ್ನ

ಮಕ್ಕಳಿದ್ದರೆ ಮೊದಲು ಅವರ ಎತ್ತರ ಅಳೆಯಿರಿ. ಸ್ಮಗ್ಲರ್ಸ್ ರನ್‌ಗೆ 97 ಸೆಂಟಿಮೀಟರ್, ರೈಸ್ ಆಫ್ ದಿ ರೆಸಿಸ್ಟೆನ್ಸ್‌ಗೆ 102, ಫ್ಲೈಟ್ ಆಫ್ ಪ್ಯಾಸೇಜ್‌ಗೆ 112, ವೆಲೋಸಿಕೋಸ್ಟರ್‌ಗೆ 130 ಸೆಂಟಿಮೀಟರ್ ಬೇಕು. ನಾವಿ ದೋಣಿಗೆ ಮಿತಿ ಇಲ್ಲ. ಆರು ವರ್ಷದ ಮಗುವನ್ನು ಕರೆದುಕೊಂಡು ಹೋಗುವ ಮನೆಯವರಿಗೆ ಹೀಗಾಗಿ ಸ್ಟಾರ್ ವಾರ್ಸ್ ಲೋಕವೇ ಹೆಚ್ಚು ತೆರೆದ ಬಾಗಿಲು. ಪರದೆಯ ಮುಂದೆ ತೂಗಾಡಿದರೆ ತಲೆ ಸುತ್ತುವವರು ಸ್ಮಗ್ಲರ್ಸ್ ರನ್ ಮತ್ತು ಫ್ಲೈಟ್ ಆಫ್ ಪ್ಯಾಸೇಜ್ ಎರಡರ ವಿಷಯದಲ್ಲೂ ಎಚ್ಚರವಿರಲಿ. ಎರಡನೆಯದರಲ್ಲಿ ಬೆನ್ನು ಮತ್ತು ಕಾಲನ್ನು ಹಿಡಿಯುವ ಪಟ್ಟಿಗಳು ಕೆಲವರ ಮೈಕಟ್ಟಿಗೆ ಹೊಂದುವುದಿಲ್ಲ. ಪ್ರವೇಶದ್ವಾರದ ಬಳಿ ಪರೀಕ್ಷೆಗೆಂದು ಇಟ್ಟಿರುವ ಆಸನದಲ್ಲಿ ಕುಳಿತು ನೋಡಿದರೆ ಗಂಟೆಗಟ್ಟಲೆ ಕಾದು ಮರಳುವ ನೋವು ತಪ್ಪುತ್ತದೆ.

ಒಂದೇ ಪ್ರವಾಸ ಸಾಧ್ಯವೆನ್ನುವವರಿಗೆ ನಾನು ಹೇಳುವುದು ಫ್ಲಾರಿಡಾ. ಪಂಡೋರಾ, ಬಟೂ, ಜುರಾಸಿಕ್ ಮೂರೂ ಆರ್ಲ್ಯಾಂಡೋ ಸುತ್ತಮುತ್ತ ಇವೆ. ಆದರೆ ಮೂರೂ ಬೇರೆ ಬೇರೆ ಪಾರ್ಕುಗಳು, ಮೂರು ದಿನ ಬೇಕು. ಸ್ಟಾರ್ ವಾರ್ಸ್ ಒಂದೇ ಸಾಕೆನ್ನುವವರು ಕ್ಯಾಲಿಫೋರ್ನಿಯಾವನ್ನು ಆರಿಸಿಕೊಳ್ಳಿ. 1987ರಿಂದ ಇರುವ ಸ್ಟಾರ್ ಟೂರ್ಸ್ ರೈಡ್ ಅದೇ ಪಾರ್ಕಿನಲ್ಲಿದೆ, ಮರುದಿನ ಹಾಲಿವುಡ್‌ನ ಡೈನೋಸಾರ್‌ಗಳನ್ನೂ ನೋಡಿಬರಬಹುದು. ವೇಷ ಹಾಕಿಕೊಂಡು ಹೋಗುವ ಆಸೆಯಿದ್ದರೆ ಒಂದು ಮಾತು: ಡಿಸ್ನಿಯ ಈ ಪಾರ್ಕುಗಳಲ್ಲಿ 14 ವರ್ಷ ದಾಟಿದವರಿಗೆ ಪಾತ್ರಗಳ ಪೂರ್ಣ ವೇಷಕ್ಕೆ ಸಾಮಾನ್ಯ ದಿನಗಳಲ್ಲಿ ಅವಕಾಶವಿಲ್ಲ. ಬಣ್ಣ, ಬಟ್ಟೆಯ ಧಾಟಿಯಲ್ಲೇ ಪಾತ್ರವನ್ನು ಸೂಚಿಸುವ ಕಲೆಯನ್ನು ಅಭಿಮಾನಿಗಳು ಚೆನ್ನಾಗಿ ಬೆಳೆಸಿಕೊಂಡಿದ್ದಾರೆ.

ಫ್ಲಾರಿಡಾಕ್ಕೆ ಹೋಗುವವರು ಯೂನಿವರ್ಸಲ್‌ನಲ್ಲಿ ಇನ್ನೊಂದಕ್ಕೂ ಸ್ವಲ್ಪ ಹೊತ್ತು ಉಳಿಸಿಕೊಳ್ಳಿ. 1990ರಲ್ಲಿ ಆರಂಭವಾದ ‘ಇ.ಟಿ. ಅಡ್ವೆಂಚರ್’ ಹಾಲಿವುಡ್‌ನಲ್ಲೂ ಜಪಾನ್‌ನಲ್ಲೂ ಮುಚ್ಚಿಹೋಗಿದೆ, ಇಲ್ಲಿ ಮಾತ್ರ ಉಳಿದಿದೆ. ಅದು ಲೋಕವಲ್ಲ, ಒಂದೇ ರೈಡ್. ಹಳೆಯ ಬೊಂಬೆಗಳು, ಸೈಕಲ್ಲಿನಂಥ ಆಸನ, ಪೈನ್ ಮರದ ವಾಸನೆಯ ಕಾಡಿನ ಸಾಲು. ಒಳಹೋಗುವ ಮುನ್ನ ನಿಮ್ಮ ಹೆಸರು ಕೇಳುತ್ತಾರೆ. ಪಯಣದ ಕೊನೆಯಲ್ಲಿ ಇ.ಟಿ. ಎಂಬ ಆ ಅನ್ಯಗ್ರಹದ ಪುಟ್ಟ ಜೀವಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೀಳ್ಕೊಡುತ್ತದೆ. ಎಷ್ಟೋ ಸಲ ಹೆಸರು ಅಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ ಎಲ್ಲರೂ ಆಸನದಲ್ಲಿ ಮುಂದೆ ಬಾಗಿ, ಉಸಿರು ಹಿಡಿದು, ತಮ್ಮ ಹೆಸರು ಬರುವುದನ್ನೇ ಕಾಯುತ್ತಾರೆ. ಹೆಸರು ಕೇಳಿದಾಗ ಬಿಡಿಸಿ, ಗಟ್ಟಿಯಾಗಿ ಹೇಳಿ.